ಚಾಮುಂಡಿ ಬೆಟ್ಟದ ಮುಂಗಡ ಓಟ: ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ತಿಂಗಳ ಎರಡನೇ ಶನಿವಾರ ನಮ್ಮ ಓಟದ ಬಳಗದವರೆಲ್ಲ ಮೈಸೂರಿನ ಚಾಮುಂಡಿ ಬೆಟ್ಟದ ಪಾದದಲ್ಲಿ ಸೇರುತ್ತೇವೆ. ಮೆಟ್ಟಿಲು ಹತ್ತಿ ಓಡುತ್ತೇವೆ, ಮೇಲೆ ಹೋಗಿ ಮಜ್ಜಿಗೆ ಕುಡಿಯುತ್ತೇವೆ. ಮೂವತ್ತು ನಲವತ್ತು ಜನ ಅಷ್ಟೇ. ಬ್ಯಾನರ್ ಇಲ್ಲ, ಮೈಕು ಇಲ್ಲ. ಹೊಸಬರು ಪ್ರತಿ ವರ್ಷ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ, ಗಡಿಯಾರ ಹಿಡಿದು ನಿಲ್ಲುವ ನಾನು ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹ್ಯಾಂಡಿಕ್ಯಾಪ್ ಓಟ ಅಂತ ಕೇಳಿದೆ. ಇದು ವಿಕಲಚೇತನರಿಗಾಗಿ ನಡೆಸುವ ಓಟವೇ?

ಎಲ್ಲರಿಗಾಗಿ ನಡೆಸುವ ಓಟ. ಆ ಪದದಿಂದ ಗೊಂದಲ ಆಗುತ್ತದೆ ಅಂತಲೇ ನಾವು ‘ಮುಂಗಡ ಓಟ’ ಅನ್ನುವುದು. ಹ್ಯಾಂಡಿಕ್ಯಾಪ್ ಅನ್ನುವ ಮಾತು ಹುಟ್ಟಿದ್ದು ಇಂಗ್ಲೆಂಡಿನ ಒಂದು ಹಳೆಯ ವಿನಿಮಯದ ಆಟದಲ್ಲಿ. ಇಬ್ಬರು ತಮ್ಮ ವಸ್ತುಗಳನ್ನು ಅದಲು ಬದಲು ಮಾಡಿಕೊಳ್ಳುವಾಗ ಕಡಿಮೆ ಬೆಲೆಯ ವಸ್ತುವಿನವನು ಎಷ್ಟು ತುಂಬಿಕೊಡಬೇಕು ಅಂತ ಮೂರನೆಯವನೊಬ್ಬ ಹೇಳುತ್ತಿದ್ದ. ಪಣದ ದುಡ್ಡು ಟೋಪಿಯೊಳಗೆ, ಕೈ ಟೋಪಿಯೊಳಗೆ, ಇಂಗ್ಲಿಷಿನಲ್ಲಿ ‘ಹ್ಯಾಂಡ್ ಇನ್ ಕ್ಯಾಪ್’. ಅಲ್ಲಿಂದ ಆ ಮಾತು ಕುದುರೆ ಜೂಜಿಗೆ ಬಂತು. ಬಲವಾದ ಕುದುರೆಯ ಬೆನ್ನಿಗೆ ಹೆಚ್ಚು ತೂಕ, ಸಾಧಾರಣ ಕುದುರೆಗೆ ಕಡಿಮೆ ತೂಕ. ನಮ್ಮ ಬೆಟ್ಟದ ಬುಡದಲ್ಲೇ ಇರುವ ರೇಸ್‌ಕೋರ್ಸಿನಲ್ಲಿ ಇವತ್ತಿಗೂ ಓಡುವ ಹ್ಯಾಂಡಿಕ್ಯಾಪ್ ರೇಸುಗಳು ಇದೇ ಲೆಕ್ಕದವು. ಅಂಗವೈಕಲ್ಯಕ್ಕೆ ಆ ಹೆಸರು ಅಂಟಿಕೊಂಡಿದ್ದು ಆಮೇಲೆ, 20ನೆಯ ಶತಮಾನದಲ್ಲಿ.

ಕುದುರೆಗೆ ತೂಕ ಕಟ್ಟುವ ಕಡೆ ನಾವು ಮನುಷ್ಯರಿಗೆ ನಿಮಿಷ ಕೊಡುತ್ತೇವೆ. ನಿಧಾನ ಹತ್ತುವವರು ಮೊದಲು ಹೊರಡುತ್ತಾರೆ, ಜೋರಾಗಿ ಹತ್ತುವವರು ಕೊನೆಗೆ. ಮೇಲೆ ಯಾರು ಮೊದಲು ಮುಟ್ಟುತ್ತಾರೋ ಅವರೇ ಗೆದ್ದವರು. ಕಾಲಿಗೋ ಕಣ್ಣಿಗೋ ತೊಂದರೆ ಇರುವವರೂ ಬರುತ್ತಾರೆ. ಅವರಿಗೂ ಎಲ್ಲರಿಗೆ ಮಾಡುವ ಹಾಗೆಯೇ ಅವರ ಸ್ವಂತ ಸಮಯ ನೋಡಿ ಮುಂಗಡ ಕೊಡುತ್ತೇವೆ. ಜೊತೆಗಾರರು ಬೇಕಿದ್ದರೆ ಬರಬಹುದು.

ನನ್ನ ಮುಂಗಡ ಎಷ್ಟು ಅಂತ ಹೇಗೆ ಗೊತ್ತಾಗುತ್ತದೆ?

ಓಟಕ್ಕೆ ಎರಡು ವಾರ ಮುಂಚೆ ಒಂದು ‘ಅಳತೆ ದಿನ’ ಇಟ್ಟಿರುತ್ತೇವೆ. ಅವತ್ತು ಬಂದು ಪಾದದಿಂದ ತುದಿಯವರೆಗೆ ಒಂದು ಸಲ ಹತ್ತಿ. ಆ ಸಮಯ ಬರೆದುಕೊಳ್ಳುತ್ತೇವೆ. ಹಿಂದಿನ ವರ್ಷ ಬಂದಿದ್ದವರಾದರೆ ಎರಡರಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನು ಹಿಡಿಯುತ್ತೇವೆ.

ಲೆಕ್ಕ ಸುಲಭ. ಎಲ್ಲರಿಗಿಂತ ಬೇಗ ಹತ್ತುವ ಹುಡುಗನಿಗೆ 14 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ನಿಮಗೆ 25 ನಿಮಿಷ. ನಿಮ್ಮ ಮುಂಗಡ 11 ನಿಮಿಷ. ನಿಮ್ಮ ಚಿಕ್ಕಮ್ಮ ಮಾತಾಡುತ್ತಾ ನಡೆದು 42 ನಿಮಿಷಕ್ಕೆ ಹತ್ತಿದರೆ ಅವರ ಮುಂಗಡ 28. ಬೆಳಿಗ್ಗೆ 6:30ಕ್ಕೆ ಚಿಕ್ಕಮ್ಮ ಹೊರಡುತ್ತಾರೆ, 6:47ಕ್ಕೆ ನೀವು, 6:58ಕ್ಕೆ ಆ ಹುಡುಗ. ಅಳತೆ ದಿನ ಹತ್ತಿದ ಹಾಗೆಯೇ ಎಲ್ಲರೂ ಹತ್ತಿದರೆ ಸರಿಯಾಗಿ 7:12ಕ್ಕೆ ಮೂವರೂ ಒಂದೇ ಮೆಟ್ಟಿಲ ಮೇಲೆ ಇರಬೇಕು. ಹಾಗಾಗುವುದಿಲ್ಲ. ಒಬ್ಬರು ರಾತ್ರಿ ಚೆನ್ನಾಗಿ ನಿದ್ದೆ ಮಾಡಿರುತ್ತಾರೆ, ಇನ್ನೊಬ್ಬರು ಎರಡು ವಾರ ಮೆಟ್ಟಿಲು ಹತ್ತಿ ತಯಾರಾಗಿರುತ್ತಾರೆ, ಮತ್ತೊಬ್ಬರು ಹುಮ್ಮಸ್ಸಿನಲ್ಲಿ ಮೊದಲ ನೂರು ಮೆಟ್ಟಿಲಲ್ಲೇ ಉಸಿರು ಕಳೆದುಕೊಳ್ಳುತ್ತಾರೆ. ಆ ವ್ಯತ್ಯಾಸದಲ್ಲೇ ಓಟ ಇರುವುದು.

ಅರ್ಧ ನಿಮಿಷಕ್ಕಿಂತ ಸಣ್ಣ ಲೆಕ್ಕ ಹಾಕುವುದಿಲ್ಲ. ವಯಸ್ಸು, ಗಂಡು ಹೆಣ್ಣು ಅಂತ ಬೇರೆ ಮುಂಗಡ ಕೊಡುವುದಿಲ್ಲ, ಯಾಕೆಂದರೆ ನಿಮ್ಮ ಸಮಯದಲ್ಲೇ ಅದೆಲ್ಲ ಸೇರಿಹೋಗಿರುತ್ತದೆ. ವಯಸ್ಸು ನೋಡಿ ಕೊಡುವ ಪದ್ಧತಿಯೂ ಲೋಕದಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಮಿಲ್ ವ್ಯಾಲಿಯಿಂದ ಗುಡ್ಡ ದಾಟಿ ಸಮುದ್ರದ ದಡಕ್ಕೆ ಓಡುವ ಡಿಪ್ಸಿ ಓಟ 1905ರಲ್ಲಿ ಶುರುವಾಯಿತು. ಅಲ್ಲಿ ಚಿಕ್ಕವರಿಗೂ ವಯಸ್ಸಾದವರಿಗೂ ಹೆಚ್ಚು ನಿಮಿಷ ಮುಂಗಡ. 1967ರಲ್ಲಿ ಜಾಕ್ ಕರ್ಕ್ ಅದನ್ನು ಗೆದ್ದಾಗ ಅವರಿಗೆ 60 ವರ್ಷ. 2010ರಲ್ಲಿ ಗೆದ್ದ ಹುಡುಗಿಗೆ 8 ವರ್ಷ. ನೂರಾರು ಜನ ಓಡುವ ಕಡೆ ಒಬ್ಬೊಬ್ಬರನ್ನೂ ಅಳೆಯಲು ಆಗುವುದಿಲ್ಲ, ಅದಕ್ಕೆ ವಯಸ್ಸಿನ ಪಟ್ಟಿ ಬೇಕು. ನಾವು ಕೆಲವೇ ಜನ, ಒಬ್ಬೊಬ್ಬರನ್ನೂ ಬಲ್ಲೆವು.

ಅಳತೆ ದಿನ ಬರಲು ಆಗುವುದಿಲ್ಲ. ರಸ್ತೆಯಲ್ಲಿ 5 ಕಿಲೋಮೀಟರ್ ಓಡಿದ ಸಮಯ ಹೇಳಿದರೆ ಸಾಕೇ?

ಓಡಲು ಸಾಕು, ಗೆಲ್ಲಲು ಸಾಲದು. ಸಮತಟ್ಟು ರಸ್ತೆಯಲ್ಲಿ ಜೋರಾಗಿ ಓಡುವವರು ಮೆಟ್ಟಿಲಲ್ಲಿ ಸೋಲುವುದನ್ನೂ, ದಿನಾ ಮೂರನೇ ಮಹಡಿಗೆ ನೀರಿನ ಕ್ಯಾನ್ ಹೊತ್ತು ಹಾಕುವವರು ಅವರನ್ನು ಹಿಂದೆ ಹಾಕುವುದನ್ನೂ ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಅಂದಾಜಿನ ಮೇಲೆ ಮುಂಗಡ ಪಡೆದವರ ಹೆಸರು ಮೊದಲ ಮೂರು ಸ್ಥಾನಕ್ಕೆ ಸೇರುವುದಿಲ್ಲ. ಮುಂದಿನ ವರ್ಷಕ್ಕೆ ಅವರ ಸಮಯ ನಮ್ಮ ಪುಸ್ತಕದಲ್ಲಿ ಇರುತ್ತದೆ.

ಅಳತೆ ದಿನ ಬೇಕೆಂದೇ ನಿಧಾನ ಹತ್ತಿದರೆ?

ದಯವಿಟ್ಟು ಹಾಗೆ ಮಾಡಬೇಡಿ. ಈ ಓಟ ನಿಂತಿರುವುದೇ ನೀವು ಕೊಟ್ಟ ಸಮಯದ ಮೇಲೆ. ನೀವು ಮೂರು ನಿಮಿಷ ಕದ್ದರೆ ಅದು ನನ್ನಿಂದ ಕದ್ದದ್ದಲ್ಲ. ಎರಡು ವಾರ ಬೆಳಗಿನ ಜಾವ ಎದ್ದು ಒಂದೂವರೆ ನಿಮಿಷ ಇಳಿಸಿಕೊಂಡ ಯಾರೋ ಒಬ್ಬ ಗೃಹಿಣಿಯಿಂದ ಕದ್ದದ್ದು. ಅಳತೆ ದಿನದ ಸಮಯಕ್ಕಿಂತ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಗ ಬಂದವರನ್ನು ಮೊದಲ ಸ್ಥಾನಕ್ಕೆ ಹಿಡಿಯುವುದಿಲ್ಲ ಅಂತ ನಿಯಮ ಇದೆ. ಅಂದರೆ 30 ನಿಮಿಷದವರು 27ಕ್ಕಿಂತ ಕಡಿಮೆಯಲ್ಲಿ ಬಂದರೆ ಚಪ್ಪಾಳೆ ಉಂಟು, ಸ್ಥಾನ ಇಲ್ಲ. ಇದರಿಂದ ಅಪರೂಪಕ್ಕೆ ನಿಜವಾಗಿ ಕಷ್ಟಪಟ್ಟವರಿಗೂ ಅನ್ಯಾಯ ಆಗಬಹುದು. ಅದಕ್ಕೆ ನಿಮ್ಮ ಹತ್ತುವಿಕೆ ಸುಧಾರಿಸುತ್ತಿದೆ ಅನ್ನಿಸಿದರೆ ಓಟದ ಹಿಂದಿನ ಭಾನುವಾರದೊಳಗೆ ಫೋನ್ ಮಾಡಿ ಹೊಸ ಸಮಯ ಹೇಳಿ, ತಿದ್ದಿಕೊಳ್ಳುತ್ತೇವೆ. ಹೀಗೆ ತಾವೇ ಫೋನ್ ಮಾಡಿ ಮುಂಗಡ ಕಡಿಮೆ ಮಾಡಿಸಿಕೊಂಡವರು ನಮ್ಮಲ್ಲಿ ಇದ್ದಾರೆ. ಅವರ ಬಗ್ಗೆ ನನಗೆ ಗೆದ್ದವರಿಗಿಂತ ಹೆಚ್ಚು ಗೌರವ.

ಮುಂಗಡ ತೆಗೆದುಕೊಂಡು ಗೆದ್ದರೆ ಅದು ಗೆಲುವೇ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಬೇಗ ಓಡುವವರು. ಅವರಿಗೆ ನಾನು ಒಂದು ಬೆಳಗಿನ ಮಾತು ಹೇಳುತ್ತೇನೆ.

ಕೊನೆಯ ನಲವತ್ತು ಮೆಟ್ಟಿಲು ಕಾಣುವ ಜಾಗದಲ್ಲಿ ನಾನು ನಿಂತಿದ್ದೆ. ನಿವೃತ್ತರಾದ ಒಬ್ಬ ಟೀಚರ್, ಅರವತ್ತು ದಾಟಿದವರು, ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಮೇಲೆ ಬರುತ್ತಿದ್ದರು. ಒಂದು ಕೈ ತೊಡೆಯ ಮೇಲೆ. ಪ್ರತಿ ಮೆಟ್ಟಿಲಿಗೂ ಆ ಕೈ ತೊಡೆಯನ್ನು ಒತ್ತಿ ಎಬ್ಬಿಸುತ್ತಿತ್ತು. ಅವರ ಹಿಂದೆ ಇಪ್ಪತ್ತು ಮೆಟ್ಟಿಲು ಕೆಳಗೆ ನಮ್ಮ ಅತಿ ವೇಗದ ಹುಡುಗ ಎರಡೆರಡು ಮೆಟ್ಟಿಲು ಹಾರುತ್ತಾ ಬರುತ್ತಿದ್ದ. ಅವನ ಉಸಿರಿನ ಸದ್ದು ಅವರಿಗೆ ಕೇಳಿಸಿತು, ಅದು ಅವರ ಭುಜದಲ್ಲಿ ಗೊತ್ತಾಯಿತು. ತಿರುಗಿ ನೋಡಲಿಲ್ಲ. ಕೈ ಇನ್ನಷ್ಟು ಬೇಗ ಒತ್ತತೊಡಗಿತು. ಹದಿನೈದು, ಹತ್ತು, ಆರು ಮೆಟ್ಟಿಲ ಅಂತರ. ತುದಿ ಮುಟ್ಟಿದಾಗ ಮೂರು ಮೆಟ್ಟಿಲು ಮುಂದಿದ್ದರು. ಹುಡುಗ ಬಂದವನೇ ಬಾಗಿ ಅವರ ಕಾಲು ಮುಟ್ಟಿದ. “ಮೇಡಂ, ನನ್ನ ಜೀವನದಲ್ಲೇ ಇಷ್ಟು ಜೋರಾಗಿ ಹತ್ತಿರಲಿಲ್ಲ” ಅಂದ. ಅವರಿಗೆ ಮಾತಾಡಲು ಉಸಿರು ಇರಲಿಲ್ಲ, ತಲೆ ಸವರಿದರು.

ಬೇರೆ ಓಟಗಳಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಹುಡುಗ ಮನೆಗೆ ಹೋಗಿ ಸ್ನಾನ ಮಾಡಿರುತ್ತಾನೆ, ಟೀಚರ್ ಆಗ ತುದಿ ಮುಟ್ಟುತ್ತಿರುತ್ತಾರೆ.

ದಾರಿ ಹೇಗಿದೆ?

ಸಾವಿರ ಮೆಟ್ಟಿಲು ಅನ್ನುವುದು ರೂಢಿ, 1008 ಅಂತಲೂ ಹೇಳುತ್ತಾರೆ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, 17ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಕಲ್ಲಿನ ಮೆಟ್ಟಿಲು, ಎತ್ತರ ಅಗಲ ಎರಡೂ ಒಂದೇ ಸಮ ಇಲ್ಲ. ಮನೆಯ ಮೆಟ್ಟಿಲು ಹತ್ತುವ ಹಾಗೆ ಕಣ್ಣು ಮುಚ್ಚಿ ಲಯ ಹಿಡಿಯಲು ಆಗುವುದಿಲ್ಲ. ಕೆಳಗಿನ ಭಾಗ ಕಡಿದು, ಮಂಡಿ ಎತ್ತಿ ಇಡಬೇಕು. ಏಳುನೂರರ ಹತ್ತಿರ ದೊಡ್ಡ ನಂದಿ ಸಿಗುತ್ತಾನೆ, ಒಂದೇ ಕಲ್ಲಿನಲ್ಲಿ ಕಡೆದವನು, ಸುಮಾರು 16 ಅಡಿ ಎತ್ತರ. ಅಲ್ಲಿಂದ ಮೇಲೆ ದಾರಿ ಸ್ವಲ್ಪ ಹಗುರ.

ಹೊಸಬರಲ್ಲಿ ಹೆಚ್ಚಿನವರು ಸೋಲುವುದು ನಂದಿಗಿಂತ ಮುಂಚೆಯೇ. ಪಾದದಲ್ಲಿ ಎಲ್ಲರೂ ನೋಡುತ್ತಿರುತ್ತಾರೆ, ಚಳಿ ಇರುತ್ತದೆ, ಕಾಲು ಹಗುರ ಅನ್ನಿಸುತ್ತದೆ, ಓಡಿಬಿಡುತ್ತಾರೆ. ಇನ್ನೂರನೆಯ ಮೆಟ್ಟಿಲಿಗೆ ಮೀನಖಂಡ ಬಿಗಿದುಕೊಂಡು ಎರಡು ಕೈಯನ್ನೂ ಸೊಂಟಕ್ಕೆ ಇಟ್ಟು ನಿಂತುಬಿಡುತ್ತಾರೆ. ನಿಂತರೆ ಮತ್ತೆ ಶುರು ಮಾಡುವುದು ಕಷ್ಟ. ಅದರ ಬದಲು ಮೊದಲಿನಿಂದಲೂ ಒಂದೊಂದೇ ಮೆಟ್ಟಿಲು ಇಡಿ. ಇಡೀ ಪಾದ ಕಲ್ಲಿನ ಮೇಲೆ ಊರಲಿ, ಬರೀ ತುದಿಗಾಲಲ್ಲಿ ಹತ್ತಿದರೆ ಮೀನಖಂಡ ಬೇಗ ಸೋಲುತ್ತದೆ. ಮುಂದಕ್ಕೆ ಸ್ವಲ್ಪ ಬಾಗಿ, ಕಡಿದಾದ ಕಡೆ ತೊಡೆಯ ಮೇಲೆ ಕೈ ಒತ್ತಿ. ಎರಡು ಮಾತು ಆಡುವಷ್ಟು ಉಸಿರು ಉಳಿದಿದ್ದರೆ ವೇಗ ಸರಿ ಇದೆ ಅಂತ ಅರ್ಥ. ನಂದಿ ದಾಟಿದ ಮೇಲೆ ಎಷ್ಟು ಬೇಕಾದರೂ ಓಡಿ. ಉಳಿಸಿಕೊಂಡವರು ಅಲ್ಲಿ ಹತ್ತು ಜನರನ್ನು ದಾಟುತ್ತಾರೆ.

ನಡೆದೇ ಹತ್ತುತ್ತೇನೆ ಅನ್ನುವವರು ಧಾರಾಳವಾಗಿ ನಡೆದು ಹತ್ತಿ. ನಮ್ಮಲ್ಲಿ ಅರ್ಧ ಜನ ನಡೆಯುವವರೇ.

ಅದು ದೇವಿಯ ಬೆಟ್ಟ, ಭಕ್ತರು ಹತ್ತುತ್ತಿರುತ್ತಾರೆ. ಅಲ್ಲಿ ಓಟ ಇಡುವುದು ಸರಿಯೇ?

ಬಳಗದಲ್ಲಿ ನಾವು ಅತಿ ಹೆಚ್ಚು ಮಾತಾಡಿಕೊಂಡ ವಿಷಯ ಇದು. ಮೆಟ್ಟಿಲು ಕಟ್ಟಿಸಿದ್ದು ಚಾಮುಂಡೇಶ್ವರಿಯ ದರ್ಶನಕ್ಕೆ ಹೋಗುವವರಿಗಾಗಿ. ದಾರಿ ಮೊದಲು ಅವರದು, ಆಮೇಲೆ ನಮ್ಮದು. ಇದನ್ನು ಒಪ್ಪದವರು ದಯವಿಟ್ಟು ಬರಬೇಡಿ.

ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಒಂದು ಕೈಯಲ್ಲಿ ಬಟ್ಟಲು. ಮೂರು ಬೆರಳಲ್ಲಿ ಅರಿಶಿನದ ಗೆರೆ, ಉಂಗುರ ಬೆರಳಲ್ಲಿ ಕುಂಕುಮದ ಬೊಟ್ಟು, ಒಂದು ಹೆಜ್ಜೆ ಮೇಲೆ, ಮತ್ತೆ ಬಾಗುವುದು. ಸಾವಿರ ಸಲ ಬಾಗಿ ಏಳುವ ಆ ಕೆಲಸ ನಮ್ಮ ಓಟಕ್ಕಿಂತ ಕಷ್ಟದ್ದು. ಅವರನ್ನು ಕಂಡರೆ ಓಡುವುದನ್ನು ನಿಲ್ಲಿಸಿ, ಪಕ್ಕದಿಂದ ನಡೆದು ದಾಟಿ. ಹಚ್ಚಿದ ಜಾಗದ ಮೇಲೆ ಕಾಲಿಡಬೇಡಿ. ಭಕ್ತಿಯ ಮಾತು ಹಾಗಿರಲಿ, ಇಬ್ಬನಿ ಬಿದ್ದ ಕಲ್ಲಿನ ಮೇಲೆ ಅರಿಶಿನ ಜಾರುತ್ತದೆ ಕೂಡ. ಕೆಲವರು ಮಂಡಿಯ ಮೇಲೆ ಹತ್ತುತ್ತಾರೆ. ಅವರ ಮುಂದೆ ಹೋಗಿ ನಿಲ್ಲಬೇಡಿ, ಫೋಟೋ ತೆಗೆಯಬೇಡಿ.

“ದಾರಿ ಬಿಡಿ” ಅಂತ ಕೂಗಿದವರ ಹೆಸರು ಪಟ್ಟಿಯಿಂದ ತೆಗೆಯುತ್ತೇವೆ. ದಾಟಬೇಕಾದರೆ “ಅಮ್ಮ, ಬಲಗಡೆ ಬರ್ತೀನಿ” ಅಂತ ಮೆಲ್ಲಗೆ ಹೇಳಿದರೆ ಸಾಕು, ಎಲ್ಲರೂ ಜಾಗ ಕೊಡುತ್ತಾರೆ. ಎಷ್ಟೋ ಸಲ “ಓಡಪ್ಪ, ಓಡು, ಮುಂದೆ ಒಬ್ಬರು ಹೋದರು” ಅಂತ ಅವರೇ ಹುರಿದುಂಬಿಸುತ್ತಾರೆ.

ಫೆಬ್ರವರಿಯೇ ಯಾಕೆ? ದಸರಾ ಹೊತ್ತಿಗೆ ಇಟ್ಟರೆ ಸಂಭ್ರಮ ಇರುತ್ತದಲ್ಲ?

ಸಂಭ್ರಮ ಇರುತ್ತದೆ, ಕಾಲಿಡಲು ಜಾಗ ಇರುವುದಿಲ್ಲ. ಆಷಾಢದ ಶುಕ್ರವಾರಗಳು, ವರ್ಧಂತಿ, ನವರಾತ್ರಿ, ರಥೋತ್ಸವ ಈ ದಿನಗಳಲ್ಲಿ ಬೆಟ್ಟ ಭಕ್ತರಿಂದ ತುಂಬಿರುತ್ತದೆ. ಮಳೆಗಾಲದಲ್ಲಿ ಕಲ್ಲು ಪಾಚಿ ಹಿಡಿದಿರುತ್ತದೆ. ಏಪ್ರಿಲ್ ಹೊತ್ತಿಗೆ ಬಿಸಿಲು ಏರಿರುತ್ತದೆ. ಫೆಬ್ರವರಿಯಲ್ಲಿ ಬೆಳಗ್ಗೆ ತಣ್ಣಗೆ, ಕಲ್ಲು ಹೆಚ್ಚು ಕಡಿಮೆ ಒಣ. ಎರಡನೇ ಶನಿವಾರ ಸರ್ಕಾರಿ ರಜೆ, ಭಾನುವಾರದಷ್ಟು ಜನ ಇರುವುದಿಲ್ಲ.

ಅಮಾವಾಸ್ಯೆ ಅದೇ ದಿನ ಬಿದ್ದರೆ ಒಂದು ವಾರ ಮುಂದಕ್ಕೆ ಹಾಕುತ್ತೇವೆ.

ಶೂ ಬೇಕೇ, ಬರಿಗಾಲು ಆಗುತ್ತದೆಯೇ?

ಎರಡೂ ಆಗುತ್ತದೆ. ಬರಿಗಾಲಲ್ಲಿ ಹತ್ತಿ ಅಭ್ಯಾಸ ಇರುವವರು ಹಾಗೆಯೇ ಬನ್ನಿ. ಅಭ್ಯಾಸ ಇಲ್ಲದವರು ಅವತ್ತೇ ಶುರು ಮಾಡಬೇಡಿ. ಶೂ ಆದರೆ ಅಡಿ ಸವೆದಿರಬಾರದು. ದಪ್ಪ ಮೆತ್ತೆಯ ದುಬಾರಿ ಶೂಗಳು ಕಲ್ಲಿನ ಅಂಚಲ್ಲಿ ಹೊರಳುತ್ತವೆ, ಸಾಧಾರಣ ಶೂ ಮೇಲು.

ಏನು ತಿಂದು ಬರಬೇಕು?

ಹಿಂದಿನ ರಾತ್ರಿ ಊಟ ಎಂದಿನಂತೆ, ಸ್ವಲ್ಪ ಬೇಗ. ಬೆಳಿಗ್ಗೆ ಒಂದು ಬಾಳೆಹಣ್ಣು, ಬೇಕಿದ್ದರೆ ಅರ್ಧ ಲೋಟ ಕಾಫಿ. ಮೇಲೆ ಮಜ್ಜಿಗೆ, ಕಡಲೆಕಾಯಿ ಚಿಕ್ಕಿ ಇಟ್ಟಿರುತ್ತೇವೆ. ಕೆಳಗೆ ಇಳಿದ ಮೇಲೆ ಇಡ್ಲಿ, ಖಾರಾಬಾತ್. ನಿಮ್ಮ ಲೋಟ ನೀವೇ ತನ್ನಿ. ಪ್ಲಾಸ್ಟಿಕ್ ಬಾಟಲಿ ತರಬೇಡಿ.

ಬಿಪಿ ಇದೆ, ಸಕ್ಕರೆ ಇದೆ. ಬರಬಹುದೇ?

ನಿಮ್ಮ ಡಾಕ್ಟರನ್ನು ಕೇಳಿ, ಅವರು ಸರಿ ಅಂದರೆ ಬನ್ನಿ. ಹೆಸರು ಬರೆಸುವಾಗ ನಮಗೂ ಹೇಳಿ, ಗುಟ್ಟಾಗಿ ಇಡುತ್ತೇವೆ. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇಟ್ಟುಕೊಳ್ಳಲೇಬೇಕು. ಮೆಟ್ಟಿಲು ಹತ್ತುವಾಗ ಎದೆಬಡಿತ ರಸ್ತೆಯಲ್ಲಿ ನಡೆಯುವುದಕ್ಕಿಂತ ಬಹಳ ಬೇಗ ಏರುತ್ತದೆ, ಆದ್ದರಿಂದ ವರ್ಷವಿಡೀ ಏನೂ ಮಾಡದೆ ಅವತ್ತು ನೇರ ಬರಬೇಡಿ. ತಿಂಗಳ ಮುಂಚೆಯಿಂದ ವಾರಕ್ಕೆ ಎರಡು ಸಲ ನಂದಿಯವರೆಗಾದರೂ ಹತ್ತಿ.

ಎದೆಯಲ್ಲಿ ಬಿಗಿತ, ಕೈಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಕಣ್ಣು ಕತ್ತಲಾಗುವುದು, ಇವುಗಳಲ್ಲಿ ಯಾವುದೇ ಆದರೂ ಅಲ್ಲೇ ಕುಳಿತು ಪಕ್ಕದವರಿಗೆ ಹೇಳಿ. “ಇನ್ನು ಸ್ವಲ್ಪ ತಾನೆ” ಅಂತ ಮುಂದೆ ಹೋಗಬೇಡಿ. ನಂದಿಯವರೆಗೆ ವಾಹನ ಬರುವ ರಸ್ತೆ ಇರುವುದರಿಂದ ನಮ್ಮ ಕಾರೊಂದು ಅಲ್ಲೇ ನಿಂತಿರುತ್ತದೆ, 108ಕ್ಕೂ ಕರೆ ಮಾಡುತ್ತೇವೆ. ಯಾರಾದರೂ ಹಾಗೆ ಕುಳಿತಿದ್ದನ್ನು ಕಂಡರೆ ನೀವು ಎಷ್ಟೇ ಮುಂದಿದ್ದರೂ ನಿಲ್ಲಬೇಕು. ನಿಂತ ಸಮಯವನ್ನು ನಿಮ್ಮ ಲೆಕ್ಕದಿಂದ ಕಳೆಯುತ್ತೇವೆ.

ಮಂಗಗಳು, ಚಿರತೆ?

ಮಂಗಗಳಿಗೆ ಕೈಯಲ್ಲಿ ತಿಂಡಿ ಕಾಣಬಾರದು, ಅಷ್ಟೇ. ಬೆಟ್ಟ ಮೀಸಲು ಅರಣ್ಯ, ಚಿರತೆಗಳೂ ಇವೆ. ಅದಕ್ಕೆ ಬೆಳಕು ಹರಿಯುವ ಮುಂಚೆ ಒಬ್ಬೊಬ್ಬರೇ ಮೆಟ್ಟಿಲು ಹತ್ತಬೇಡಿ, ಅಭ್ಯಾಸಕ್ಕೆ ಕೂಡ. ಮೊದಲ ಗುಂಪು 6:30ಕ್ಕೆ ಹೊರಡುವಾಗ ಮಬ್ಬು ಬೆಳಕು ಇರುತ್ತದೆ. ಮೊದಲ ಗುಂಪಿನ ಜೊತೆ ನಮ್ಮವರಿಬ್ಬರು ಹೋಗುತ್ತಾರೆ.

ಮಕ್ಕಳನ್ನು ಕರೆತರಬಹುದೇ?

ಹತ್ತು ವರ್ಷ ತುಂಬಿದ್ದರೆ, ಅಪ್ಪನೋ ಅಮ್ಮನೋ ಅತ್ತೆಯೋ ಮಾವನೋ ಯಾರಾದರೂ ದೊಡ್ಡವರು ಜೊತೆಗೇ ಹತ್ತುವುದಾದರೆ. ಇಬ್ಬರಿಗೂ ಸೇರಿ ಒಂದೇ ಮುಂಗಡ. ಮಕ್ಕಳು ಅಳತೆ ದಿನಕ್ಕೂ ಓಟದ ದಿನಕ್ಕೂ ಬಹಳ ಸುಧಾರಿಸಿಬಿಡುತ್ತಾರೆ, ಹಾಗಾಗಿ ಅವರಿಗೆ ಹತ್ತರಲ್ಲಿ ಒಂದು ಪಾಲಿನ ನಿಯಮ ಹಾಕುವುದಿಲ್ಲ.

ಸಮಯ ಹಿಡಿಯುವಾಗ ತಪ್ಪಾದರೆ?

ಆಗಿದೆ. ಒಂದು ವರ್ಷ 6:44ಕ್ಕೆ ಬಿಡಬೇಕಿದ್ದ ಇಬ್ಬರನ್ನು ನಾನು 6:43ಕ್ಕೆ ಬಿಟ್ಟೆ. ಅವರಲ್ಲೊಬ್ಬರು ಮೊದಲು ಬಂದರು. ಪುಸ್ತಕ ನೋಡಿದಾಗ ತಪ್ಪು ತಿಳಿಯಿತು. ಅಲ್ಲೇ ಎಲ್ಲರ ಮುಂದೆ ಹೇಳಿ, ಒಂದು ನಿಮಿಷ ಸೇರಿಸಿದಾಗ ಅವರು ನಾಲ್ಕನೆಯವರಾದರು. ಅವರು ನಕ್ಕು ಒಪ್ಪಿಕೊಂಡರು, ನನಗೆ ಮಾತ್ರ ಅವರ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗಾಯಿತು. ಈಗ ಎಲ್ಲರ ಹೊರಡುವ ಸಮಯ ದೊಡ್ಡ ಹಲಗೆಯ ಮೇಲೆ ಬರೆದು ಪಾದದಲ್ಲಿ ನಿಲ್ಲಿಸಿರುತ್ತೇವೆ, ಇಬ್ಬರು ಬೇರೆ ಬೇರೆ ಗಡಿಯಾರ ನೋಡಿ ಬಿಡುತ್ತೇವೆ. ನಿಮ್ಮ ಸಮಯ ನೀವೂ ನೋಡಿಕೊಳ್ಳಿ, ತಪ್ಪು ಕಂಡರೆ ಹೊರಡುವ ಮುಂಚೆಯೇ ಹೇಳಿ.

ಶುಲ್ಕ, ಬಹುಮಾನ?

ಶುಲ್ಕ ಇಲ್ಲ, ಮಜ್ಜಿಗೆ ತಿಂಡಿಯ ಖರ್ಚು ಹಂಚಿಕೊಳ್ಳುತ್ತೇವೆ. ಮೊದಲು ಬಂದವರಿಗೆ ಒಂದು ಮೈಸೂರು ಪೇಟ ತೊಡಿಸಿ, ಒಂದು ಮೊಳ ಮೈಸೂರು ಮಲ್ಲಿಗೆ ಕೊಡುತ್ತೇವೆ. ಪೇಟ ಮುಂದಿನ ವರ್ಷ ವಾಪಸ್ ತರಬೇಕು. ಗೆದ್ದವರ ಮುಂಗಡದಲ್ಲಿ ಮುಂದಿನ ಸಲ ಒಂದು ನಿಮಿಷ ಕಡಿತ.

ಇಳಿಯುವುದು ಹೇಗೆ?

ಓಡಿ ಇಳಿಯಬೇಡಿ. ಹತ್ತುವಾಗ ಬಿದ್ದವರನ್ನು ನಾನು ಕಂಡಿಲ್ಲ, ಇಳಿಯುವಾಗ ಬಿದ್ದವರಲ್ಲಿ ನಾನೂ ಒಬ್ಬ. ಹಿಂದೆ ಬರುತ್ತಿದ್ದವರಿಗೆ ಉತ್ತರ ಕೊಡಲು ತಿರುಗಿದೆ, ಮುಂದಿನ ಮೆಟ್ಟಿಲು ನಾನಂದುಕೊಂಡದ್ದಕ್ಕಿಂತ ತಗ್ಗಿನಲ್ಲಿತ್ತು, ಎಡಗೈ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ. ಹತ್ತಿ ಸೋತ ತೊಡೆಗೆ ಇಳಿಯುವಾಗ ಮೈಭಾರ ತಡೆಯುವ ಶಕ್ತಿ ಇರುವುದಿಲ್ಲ. ಎರಡನೆಯ ದಿನ ಕಾಡುವ ನೋವು ಕೂಡ ಇಳಿದದ್ದರಿಂದಲೇ ಹೆಚ್ಚು. ದರ್ಶನ ಮಾಡಿಕೊಂಡು, ಮಹಿಷಾಸುರನ ಪ್ರತಿಮೆಯ ಹತ್ತಿರ ಎಲ್ಲರೂ ಸೇರಿದ ಮೇಲೆ ಸಿಟಿ ಬಸ್ಸಿನಲ್ಲಿ ಇಳಿಯಿರಿ. ಗಾಡಿ ಪಾದದಲ್ಲಿ ಬಿಟ್ಟವರು ಹೇಳಿ, ನಂದಿಯ ಹತ್ತಿರ ಇದ್ದ ಕಾರು ಮೇಲೆ ಬಂದು ನಾಲ್ಕು ನಾಲ್ಕು ಜನರನ್ನು ಇಳಿಸುತ್ತದೆ.

ನಾನು ತಡವಾಗಿ ಬಂದರೆ?

ನಿಮ್ಮ ಹೊರಡುವ ಸಮಯ ಅದೇ ಇರುತ್ತದೆ, ಗಡಿಯಾರ ನಿಲ್ಲುವುದಿಲ್ಲ. 6:47ರವರು 6:50ಕ್ಕೆ ಬಂದರೆ ಮೂರು ನಿಮಿಷ ಹಿಂದೆ. ಆದರೂ ಬನ್ನಿ. ಕೊನೆಯವರು ಹತ್ತುವವರೆಗೂ ಯಾರೂ ಮಜ್ಜಿಗೆ ಮುಟ್ಟುವುದಿಲ್ಲ.